ಎಣ್ಣೆಯ ಹದ

ಆಗ ನನಗೆ ಹದಿನೈದು. ಅದಾಗಿ ಅರವತ್ತು ವರ್ಷ ದಾಟಿತು. ವಿರಾಜಪೇಟೆಯ ಹತ್ತಿರ ಅಪ್ಪನದು ಒಂದೇ ಒಲೆಯ ಕುಲುಮೆ. ಊರವರ ಕೋವಿ ರಿಪೇರಿ, ಕತ್ತಿ, ಎಸ್ಟೇಟಿನ ಗುದ್ದಲಿ, ಇಷ್ಟೇ ಕೆಲಸ. ಸುತ್ತಿಗೆ ಬಡಿಯುವವನು ಅಣ್ಣ, ತಿದಿ ಒತ್ತುವವಳು ನಾನು. ನನ್ನ ಶಾಲೆ ಎರಡನೇ ಕ್ಲಾಸಿಗೇ ಮುಗಿದಿತ್ತು.

ಯುದ್ಧ ಬಂತು. ವಿಮಾನ ರಿಪೇರಿ ಮಾಡುವ ಮಿಲಿಟರಿಯವರಿಗೆ ಬೋಲ್ಟು ಬೇಕಾಯಿತು. ಕೋವಿ ಕೆಲಸ ಬಲ್ಲವನೆಂದು ಅಪ್ಪನಿಗೆ ಆ ಕೆಲಸ ಕೊಟ್ಟರು. ಒಂದು ಒಲೆ ಮೂರಾಯಿತು, ಹುಲ್ಲಿನ ಮಾಡು ಹೋಗಿ ತಗಡು ಬಂತು, ಮಾದಾಪುರದಿಂದಲೂ ಆಳುಗಳು ಬಂದರು. ಕೋವಿ ತಂದವರನ್ನು ಅಪ್ಪ ಬಾಗಿಲಿನಿಂದಲೇ ಕಳುಹಿಸಿಬಿಡುತ್ತಿದ್ದ. ಬಾಗಿಲ ಮೇಲೆ ಕಂಪೆನಿ ಎಂದು ಹಲಗೆ ಬರೆಸಿದ.

ಬೋಲ್ಟನ್ನೂ ಕತ್ತಿಯ ಹಾಗೆ ಕೆಂಪಗೆ ಕಾಸಿ ಕಲ್ಲುಬಾನಿಯ ನೀರಿಗೆ ಅದ್ದಿದ. ಹಿರಿಯರಿಂದ ಬಂದ ಹದ ಅದು. ತಪಾಸಣೆಗೆ ಬಂದ ಮಿಲಿಟರಿಯವನು ಒಂದನ್ನು ಇಕ್ಕಳದಂಥ ವೈಸಿಗೆ ಕಚ್ಚಿಸಿ ಸುತ್ತಿಗೆಯಲ್ಲಿ ಹೊಡೆದ. ಹಸಿ ಶುಂಠಿಯಂತೆ ಮುರಿಯಿತು.

"ಕತ್ತಿಗೆ ಈ ಹದ ಸರಿ ಮೇಸ್ತ್ರಿ. ವಿಮಾನ ನಡುಗುತ್ತೆ, ಅದಕ್ಕಾಗಲ್ಲ. ಎಣ್ಣೇಲಿ ಅದ್ದಿ. ಮುಂದಿನ ಲೋಡೂ ಮುರಿದ್ರೆ ಕೆಲಸ ಬೇರೆಯವ್ರಿಗೆ."

ಅವನು ಹೋದ ಮೇಲೆ ಅಪ್ಪ ಉಗಿದ. "ಎಣ್ಣೇಲಿ ಅದ್ದೋಕೆ ಇದೆಂಥ ಬಜ್ಜಿಯಾ?"

"ಬಜ್ಜಿ ಅಂತಲೇ ತಿಳ್ಕೊ ಅಪ್ಪ," ಎಂದು ಅಣ್ಣ ನಕ್ಕ. "ತಿನ್ನೋರು ಅವ್ರು. ಇಲ್ಲದಿದ್ರೆ ಮತ್ತೆ ಗುದ್ದಲಿ ಬಡಿಯೋದೇ."

ಎಣ್ಣೆಯ ಪೀಪಾಯಿ ತರಿಸಿದರು. ಇಟ್ಟದ್ದು ಬಾನಿಯ ಪಕ್ಕದಲ್ಲೇ, ಕೈ ಆ ಜಾಗಕ್ಕೆ ಪಳಗಿತ್ತಲ್ಲ. ಎಣ್ಣೆಗೆ ಬೆಂಕಿ ಹಿಡಿದರೆ ಏನು ಮಾಡಬೇಕೆಂದು ತಪಾಸಣೆಯವನು ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಕುಲುಮೆಯಲ್ಲಿ ಎಲ್ಲಿ ಕಿಡಿ ಬಿದ್ದರೂ ಬಾನಿಯ ನೀರು ಎರಚುವುದು, ನಮಗೆ ಗೊತ್ತಿದ್ದದ್ದು ಅದೊಂದೇ.

ಬೋಲ್ಟು ಒಯ್ಯುವ ಲಾರಿ ಬರುವ ಹಿಂದಿನ ದಿನ ಮಧ್ಯಾಹ್ನ, ಅವಸರದಲ್ಲಿ ಅಣ್ಣ ಕೆಂಪಗಾದ ಬೋಲ್ಟುಗಳ ಬುಟ್ಟಿಯನ್ನು ಇಡಿಯಾಗಿ ಎಣ್ಣೆಗಿಳಿಸಿದ. ಹೊತ್ತಿಕೊಂಡಿತು. "ನೀರು ಹಾಕೋ!" ಎಂದು ಕೂಗಿದವನು ಅಪ್ಪ. ಅಣ್ಣ ಬಾನಿಯಿಂದ ಕೊಡ ತುಂಬ ಮೊಗೆದು ಸುರಿದ. ಬೆಂಕಿ ತಗಡಿನವರೆಗೆ ಎದ್ದು ಅವನ ಮೇಲೆಯೇ ಬಿತ್ತು.

ಗೋಣಿಯಲ್ಲಿ ಸುತ್ತಿ ಹೊರಗೆಳೆದೆವು. ಸಂಜೆಯವರೆಗೆ ಜೀವವಿತ್ತು. ನೀರು ಕೇಳಿದ. ಚೆಂಬು ಎತ್ತಲು ಅಪ್ಪನಿಗೆ ಕೈ ಬರಲಿಲ್ಲ. ನಾನು ಕುಡಿಸಿದೆ. ಅರ್ಧ ಹೊರಗೆ ಬಂತು.

ಮರುದಿನ ಬೆಳಿಗ್ಗೆ, ಹೆಣ ಇನ್ನೂ ಜಗಲಿಯಲ್ಲಿರುವಾಗಲೇ ಲಾರಿ ಬಂತು, ಜೊತೆಗೆ ತಪಾಸಣೆಯವನೂ. ಬೆಂಕಿ ಬೀಳುವ ಮೊದಲೇ ಅದ್ದಿಟ್ಟಿದ್ದ ಬೋಲ್ಟುಗಳಲ್ಲಿ ಒಂದನ್ನು ಆತ ಹೊಡೆದು ನೋಡಿದ. ಬಾಗಿತು, ಮುರಿಯಲಿಲ್ಲ. ಕೆಲಸ ನಮ್ಮಲ್ಲೇ ಉಳಿಯಿತು. ಹೊರಡುವಾಗ ಜಗಲಿಯ ಕಡೆ ನೋಡದೆ, "ಎಣ್ಣೆ ಬೆಂಕಿಗೆ ಮರಳು ಹಾಕ್ಬೇಕಮ್ಮ," ಎಂದ. ನಾನು ಬಾನಿಯ ನೀರನ್ನೆಲ್ಲ ಅಂಗಳಕ್ಕೆ ಚೆಲ್ಲಿದೆ. ಕೆಳಗೆ ಹರಿಯುವ ತೋಡಿನಿಂದ ಮರಳು ಹೊತ್ತು ತಂದು ಅಂಚಿನವರೆಗೆ ತುಂಬಿಸಿದೆ.