ದಾಕ್ಷಾಯಿಣಿಯ ಕಾರಿನ ಮೈಲೇಜು

ಬನವಾಸಿ–ಶಿರಸಿ ರಸ್ತೆಯಲ್ಲಿ ಕೈ ಅಡ್ಡ ಹಿಡಿದವರನ್ನು ಬಿಟ್ಟು ಹೋಗುವುದು ದಾಕ್ಷಾಯಿಣಿಯ ಜಾಯಮಾನವೇ ಅಲ್ಲ. ಮಹಿಳಾ ಸಂಘದ ವ್ಯಾನು ಓಡಿಸುತ್ತಿದ್ದಷ್ಟು ಕಾಲವೂ ಅವಳು ಹೊರಡುವಾಗ ಗಾಡಿ ಖಾಲಿ, ಮುಟ್ಟುವಾಗ ಸಂತೆ. ಆ ವ್ಯಾನು ಈಗ ಕೈಕೊಟ್ಟಿತ್ತು. ಎಲೆಕ್ಟ್ರಿಕ್ ಕಾರು ಕೊಳ್ಳುವ ಮಾತು ಬಂದಾಗ ಅಧ್ಯಕ್ಷೆ ಮಹೇಶ್ವರಿ ಖಡಾಖಂಡಿತವಾಗಿ ಹೇಳಿಬಿಟ್ಟಳು: ಯೂನಿಟ್ಟಿಗೆ ಎಂಟು ಕಿಲೋಮೀಟರಾದರೂ ಓಡಬೇಕು. ಓಡದಿದ್ದರೆ ಕಾರಿಲ್ಲ, ದಾಕ್ಷಾಯಿಣಿಗೆ ಕೆಲಸವೂ ಇಲ್ಲ.

ಶೋರೂಮಿನ ಸುಭಾಷ್ ಪರೀಕ್ಷೆಗೆಂದು ಒಂದು ಕಾರು ತಂದುಕೊಟ್ಟ. ಪೂರ್ತಿ ಚಾರ್ಜು ಮಾಡಿ ಶಿರಸಿಗೆ ಹೋಗಿ ಬರುವುದು, ಮತ್ತೆ ತುಂಬಿಸುವಾಗ ಮೀಟರು ಎಷ್ಟು ಯೂನಿಟ್ ತಿರುಗಿತೆಂದು ನೋಡುವುದು, ಇಷ್ಟೇ ಲೆಕ್ಕ.

"ಎ.ಸಿ. ಹಾಕಬ್ಯಾಡ್ರಿ, ಜೋರಾಗಿ ಓಡಿಸಬ್ಯಾಡ್ರಿ, ಯಾರನ್ನೂ ಹತ್ತಿಸಬ್ಯಾಡ್ರಿ," ಎಂದ.

ಮೊದಲಿನೆರಡು ಸಲೀಸು. ಆದರೆ ಬಸ್‌ಸ್ಟಾಪಿನಲ್ಲಿ ಶುಂಠಿ ಚೀಲ ಇಟ್ಟುಕೊಂಡು ಸಂಘದ ಗಿರಿಜವ್ವ ಕೈ ಚಾಚಿದ್ದಳು. ದಾಕ್ಷಾಯಿಣಿ ಕಂಡೂ ಕಾಣದವಳ ಹಾಗೆ ಮುಂದೆ ಹೋದಳು. ಯೂನಿಟ್ಟಿಗೆ ಒಂಬತ್ತು ಬಂತು. ಸುಭಾಷ್ ಕುಣಿದ. ದಾಕ್ಷಾಯಿಣಿಗೆ ಮಾತ್ರ ಗಿರಿಜವ್ವನನ್ನು ಬಿಟ್ಟು ಬಂದದ್ದಕ್ಕೆ ನಾಚಿಕೆಯಾಗಿತ್ತು.

ಮರುದಿನ ಯಾರಿಗೂ ಹೇಳದೆ ಮತ್ತೆ ಹೊರಟಳು.

"ನಿನ್ನೆ ಕಣ್ಣಾಗ ಏನು ಬಿದ್ದಿತ್ತ ನಿನಗ?" ಎಂದು ಅದೇ ಬಸ್‌ಸ್ಟಾಪಿನಲ್ಲಿ ನಿಂತಿದ್ದ ಗಿರಿಜವ್ವ ಗುರ್ರೆಂದಳು.

"ಪರೀಕ್ಷಾ ಇತ್ತಬೇ, ತಪ್ಪಾತು. ಹತ್ತು."

ಗಿರಿಜವ್ವನ ಹಿಂದೆ ಚೀಲ ಬಂತು, ಚೌಡಮ್ಮ ಎರಡು ಕೋಳಿಯೊಂದಿಗೆ ಬಂದಳು, ಕಾಲೇಜಿನ ಇಬ್ಬರು ಹುಡುಗಿಯರು ಸೆಕೆ ಎಂದು ಎ.ಸಿ. ಹಾಕಿಸಿದರು. ಬರುವಾಗಲೂ ಅದೇ ದಂಡು. ಈ ಸಲ ಬಂದದ್ದು ಏಳು.

ಸಂಘದ ಸಭೆಯಲ್ಲಿ ಸುಭಾಷ್ ಕಣ್ಣಲ್ಲೇ ಒಂಬತ್ತು, ಒಂಬತ್ತು ಎನ್ನುತ್ತಿದ್ದ. ದಾಕ್ಷಾಯಿಣಿಗೂ ಆಸೆಯಾಗದೆ ಇರಲಿಲ್ಲ.

"ಒಬ್ಬಾಕೀನ ಹೋದ್ರ ಒಂಬತ್ತು," ಎಂದಳು ಕೊನೆಗೆ. "ಆದ್ರ ನನಗ ನಿಮ್ಮನ್ನ ದಾರ್ಯಾಗ ಬಿಟ್ಟು ಹೋಗೂದು ಆಗೂದಿಲ್ಲ. ಏಳು ಅಂತ ಬರಕೊಳ್ರಿ."

ಮಹೇಶ್ವರಿ ತಲೆಯಾಡಿಸಿದಳು. "ಎಂಟು ಆಗಲಿಲ್ಲಲ್ಲವ್ವ."

ಹಿಂದಿನ ಸಾಲಿನಿಂದ ಗಿರಿಜವ್ವ ಎದ್ದು ನಿಂತಳು. "ಅದೆಂಥ ಲೆಕ್ಕಬೇ ನಿಂದು! ಮೊನ್ನೆ ಒಂಬತ್ತು ಹೋದಾಕಿ ಇಕಿ ಒಬ್ಬಾಕಿ. ನಿನ್ನೆ ಇಕೀನೂ ಸೇರಿ ನಾವು ಐದು ಮಂದಿ ಏಳೇಳು ಹೋಗೇವಿ. ಕೂಡಿಸಿ ನೋಡು!"

ಮಹೇಶ್ವರಿ ಬೆರಳು ಮಡಚಿದಳು, ಮತ್ತೊಮ್ಮೆ ಮಡಚಿದಳು, ಆಮೇಲೆ ಜೋರಾಗಿ ನಕ್ಕುಬಿಟ್ಟಳು. "ಮೂವತ್ತೈದು! ಕೋಳಿ ಬಿಟ್ಟು," ಎಂದಳು. ಕಾರು ತರುವುದಕ್ಕೆ ಎಲ್ಲರೂ ಕೈಯೆತ್ತಿದರು.