ಓಬಳೇಶ ಮೇಷ್ಟ್ರಿಗೆ ಬರಬೇಕಿದ್ದ ಬಹುಮಾನ

ನಮ್ಮ ಶಾಲೆಯಲ್ಲಿ ಇರುವ ಶಿಕ್ಷಕರು ಇಬ್ಬರೇ. ಮುಖ್ಯೋಪಾಧ್ಯಾಯಿನಿ ಎನ್ನಿಸಿಕೊಂಡ ನಾನು, ಪ್ರೇಮಲತಾ. ಸಹಶಿಕ್ಷಕರು ಎನ್ನಿಸಿಕೊಂಡ ಓಬಳೇಶ ಮೇಷ್ಟ್ರು. ಎನ್ನಿಸಿಕೊಂಡ ಎಂದು ಯಾಕೆ ಹೇಳಿದೆನೆಂದರೆ, ಹಟ್ಟಿಯ ಜನ ನನ್ನನ್ನು ಗುರುತಿಸುವುದು 'ಮೇಷ್ಟ್ರ ಗಾಡೀಲಿ ಬರೋ ಮೇಡಂ' ಎಂದೇ. ಅದರಲ್ಲಿ ಸುಳ್ಳೇನಿಲ್ಲ. ಚಳ್ಳಕೆರೆಯಿಂದ ಬಸ್ಸಿನಲ್ಲಿ ಬಂದು ದೊಡ್ಡಉಳ್ಳಾರ್ತಿಯಲ್ಲಿ ಇಳಿಯುತ್ತೇನೆ. ಅಲ್ಲಿಂದ ಹುಲ್ಲುಗಾವಲಿನ ಅಂಚಿನಲ್ಲಿರುವ ಹಟ್ಟಿಯವರೆಗೆ ಅವರ ಟಿವಿಎಸ್ ಹಿಂದೆ, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಸೆರಗು ಹಿಡಿದು ಕೂರುತ್ತೇನೆ. ದಾರಿಯುದ್ದಕ್ಕೂ ಮೇಷ್ಟ್ರು ಮಾತಾಡುತ್ತಾರೆ. ಗಾಳಿಗೆ ಅರ್ಧ ಕೇಳುತ್ತದೆ, ಕೇಳಿದ ಅರ್ಧಕ್ಕೇ ನಾನು ಜಗಳ ತೆಗೆಯುತ್ತೇನೆ.

ಮೊದಲು ಅವರ ಕೊರತೆಗಳನ್ನು ಹೇಳಿಬಿಡುತ್ತೇನೆ, ಹೊಗಳುವುದು ಎಲ್ಲಿಗೂ ಓಡಿಹೋಗುವುದಿಲ್ಲ. ಅವರ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಪದ್ಯ ಹಾಡಲು ನಿಂತರೆ ಬಿಸಿಯೂಟದ ಅಡುಗೆಮನೆಯ ಅಕ್ಕಂದಿರು ಸೌಟು ಬಿಟ್ಟು ಬಂದು ನಗುತ್ತಾರೆ. ಕಚೇರಿಗೆ ಕಳಿಸಬೇಕಾದ ಯಾವ ಮಾಹಿತಿಯೂ ನಾನು ಬಾಯಿ ಮಾಡದೆ ಅವರಿಂದ ಹೊರಡುವುದಿಲ್ಲ. ತರಬೇತಿಗೆ ಕಳಿಸಿದರೆ ಅಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿ ಎಲ್ಲರ ಊಟದ ಹೊತ್ತು ಮೀರಿಸುತ್ತಾರೆ. ಇಂಥ ಮನುಷ್ಯನ ಜೊತೆ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ, ವರ್ಗಾವಣೆ ಕೇಳಿಲ್ಲ. ಯಾಕೆ ಕೇಳಿಲ್ಲವೆಂದು ತಿಳಿಯಬೇಕಾದರೆ ಅವರು ಹಾಜರಿ ಕರೆಯುವುದನ್ನು ಒಮ್ಮೆ ನೋಡಬೇಕು.

ನಮ್ಮ ಹಟ್ಟಿಯದು ಕುರಿ ಕಾಯುವ ಜನ. ಕಡಲೆಕಾಯಿ ಕಿತ್ತು ಮುಗಿದ ಮೇಲೆ ಅರ್ಧ ಹಟ್ಟಿ ಕುರಿ ಹೊಡೆದುಕೊಂಡು ನೀರಾವರಿ ಕಡೆ ಹೊರಟುಬಿಡುತ್ತದೆ. ಗದ್ದೆಯಲ್ಲಿ ಮಂದೆ ನಿಲ್ಲಿಸಿದರೆ ಗೊಬ್ಬರಕ್ಕೆಂದು ಗದ್ದೆಯವರು ಕಾಳು ಕೊಡುತ್ತಾರೆ. ಹೋಗುವವರು ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗಲಾಗುತ್ತದೆಯೇ? ಹಾಗಾಗಿ ಮೂರ್ನಾಲ್ಕು ತಿಂಗಳು ತರಗತಿಯಲ್ಲಿ ಸುಮಾರು ಜಾಗ ಖಾಲಿ. ಬೇರೆಯವರಾದರೆ ಗೈರು ಎಂದು ಗೀಟು ಎಳೆದು ಮುಂದೆ ಹೋಗುತ್ತಾರೆ. ಓಬಳೇಶ ಮೇಷ್ಟ್ರು ದಿನಾ ಆ ಹೆಸರುಗಳನ್ನೂ ಕೂಗುತ್ತಾರೆ.

"ಗಂಗಲಕ್ಷ್ಮಿ?"

"ರಾಯದುರ್ಗದ ತಾವ ಅವ್ಳೆ ಸಾ!" ಎಂದು ಇಡೀ ತರಗತಿ ಉತ್ತರ ಕೊಡುತ್ತದೆ.

"ನೆನ್ನೆ ಫೋನ್ ಮಾಡಿದ್ರೇನ್ರೋ? ಪುಸ್ತಕ ತಗಂಡು ಹೋಗವ್ಳಾ?"

"ತಗಂಡು ಹೋಗವ್ಳೆ ಸಾ!"

ಆಮೇಲೆ ಗೋಡೆಯ ನಕಾಶೆಯಲ್ಲಿ ರಾಯದುರ್ಗ ಎಲ್ಲಿದೆ ಎಂದು ಯಾರಾದರೂ ಬೆರಳಿಟ್ಟು ತೋರಿಸಬೇಕು. ಹಾಜರಿಗೇ ಅರ್ಧ ಗಂಟೆ ಹೋಗುತ್ತದೆ. ನಾನು ಬೈಯುತ್ತೇನೆ, ಅವರು ಹೂಂ ಎನ್ನುತ್ತಾರೆ, ಮಾರನೆಯ ದಿನ ಮತ್ತೆ ಅದೇ.

ಇನ್ನು ಅವರ ಹೆಂಡತಿ ಪಾಲಮ್ಮನ ವಿಷಯ. ಆಕೆಯ ತವರು ಮೊಳಕಾಲ್ಮುರು. ಸುತ್ತಮುತ್ತ ಮಗ್ಗದ ಸದ್ದಿನಲ್ಲೇ ಬೆಳೆದವಳು. ಚಿಕ್ಕವಳಿದ್ದಾಗ ನೇಕಾರರ ಮನೆಯಲ್ಲಿ ಕೂತು ರೇಷ್ಮೆ ಎಳೆಯನ್ನು ಕಂಡಿಕೆಗೆ ಸುತ್ತಿಕೊಟ್ಟವಳು. ಊರೂರಿನ ಮದುವೆ ಹೆಣ್ಣುಗಳು ಉಟ್ಟ ಸೀರೆಗಳಲ್ಲಿ ತನ್ನ ಕೈ ಆಡಿದೆ, ತನ್ನ ಮೈ ಮೇಲೆ ಮಾತ್ರ ಒಂದೂ ಬಂದಿಲ್ಲ ಎಂದು ನಗುತ್ತಲೇ ಹೇಳುತ್ತಾಳೆ. ಆ ನಗು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮದುವೆಯಾದ ವರ್ಷ ಕೊಡಿಸುತ್ತೇನೆ ಎಂದಿದ್ದರಂತೆ ಮೇಷ್ಟ್ರು. ಆಮೇಲೆ ಮನೆ ಕಟ್ಟಿದರು, ತಮ್ಮನನ್ನು ಓದಿಸಿದರು, ಮಗಳು ಸ್ವಪ್ನಳನ್ನು ನರ್ಸಿಂಗ್ ಓದಿಸಿದರು. ಈ ವರ್ಷ ಸ್ವಪ್ನಳ ಮದುವೆ ಗೊತ್ತಾಯಿತು. ಮದುವಣಗಿತ್ತಿಗೆ ಸೀರೆ ಬಂತು, ಬೀಗರಿಗೆ ಬಂತು. ಹೆತ್ತವಳಿಗೆ ಮಾತ್ರ ಮತ್ತೆ, "ನೋಡಾನ ತಡಿ."

ಅಷ್ಟರಲ್ಲಿ ಬಂತು ಪ್ರೋತ್ಸಾಹಧನದ ಯೋಜನೆ. ಯಾವುದೋ ಟ್ರಸ್ಟಿನವರು ಕೆಲವು ಸರ್ಕಾರಿ ಶಾಲೆಗಳನ್ನು ಆರಿಸಿದ್ದರು. ಅವರ ಕಡೆಯವರೇ ಬಂದು ಮಕ್ಕಳಿಗೆ ಓದು, ಲೆಕ್ಕದ ಪರೀಕ್ಷೆ ಮಾಡುತ್ತಾರೆ. ಆ ದಿನ ಹಾಜರಿದ್ದ ಮಕ್ಕಳ ಸರಾಸರಿ ಅಂಕ ಇಂತಿಷ್ಟು ದಾಟಿದರೆ ಆ ತರಗತಿಯ ಶಿಕ್ಷಕರಿಗೆ ಒಂದು ತಿಂಗಳ ಸಂಬಳದಷ್ಟು ಬಹುಮಾನ. ಕೇಳಿದ ಕೂಡಲೇ ನನಗೆ ಸಿಟ್ಟು ಬಂತು. ಹಣ ತೋರಿಸಿದರೆ ಓಡಲು ನಾವೇನು ಜೂಜಿನ ಕುದುರೆಗಳೇ? ಇಷ್ಟು ದಿನ ಪಾಠ ಮಾಡಿದ್ದು ಪುಕ್ಕಟೆಯೇ? ಆದರೆ ಪಾಲಮ್ಮನ ನೆನಪಾಗಿ ಸಿಟ್ಟನ್ನು ನುಂಗಿಕೊಂಡೆ. ಕ್ಲಸ್ಟರಿನ ಉಸ್ತುವಾರಿ ನೋಡುವ ಮಹಾಂತೇಶ್ ಲೆಕ್ಕ ಹಾಕಿ ಹೇಳಿಯೂ ಬಿಟ್ಟರು: "ಓಬಳೇಶ್, ನಿಮ್ದು ಗ್ಯಾರಂಟಿ ಬಿಡ್ರಿ. ಹಟ್ಟೀಲಿ ಉಳ್ಕಂಡಿರೋ ಮಕ್ಳು ಚೆನ್ನಾಗಿ ಓದ್ತಾವೆ. ಕುರಿ ಹಿಂದೆ ಹೋಗಿರೋರು ಹೆಂಗೂ ಬರಲ್ಲ."

ಅದು ನಿಜವೇ. ಬೇರೆ ಕೆಲವು ಕಡೆ ಓದು ಬಾರದ ಮಕ್ಕಳಿಗೆ ಆ ದಿನ ಮನೆಯಲ್ಲೇ ಇರಲು ಹೇಳಿದ್ದಾರೆಂದು ಸುದ್ದಿಯಿತ್ತು. ನಮ್ಮ ಮೇಷ್ಟ್ರಿಗೆ ಅಂಥ ಪಾಪವೂ ಬೇಕಿರಲಿಲ್ಲ. ಮಕ್ಕಳು ತಾವಾಗಿಯೇ ಗಡಿ ದಾಟಿ ಆಂಧ್ರದಲ್ಲಿದ್ದರು. ಪಾಲಮ್ಮ ಒಂದು ಭಾನುವಾರ ಮೊಳಕಾಲ್ಮುರಿಗೆ ಹೋಗಿ ಕುಂಕುಮದ ಬಣ್ಣದ ಒಡಲು, ಹಸಿರು ಅಂಚಿನ ಸೀರೆಯೊಂದನ್ನು ಆರಿಸಿ, ಪರಿಚಯದ ನೇಕಾರರ ಮನೆಯಲ್ಲಿ ತೆಗೆದಿಡಿಸಿ ಬಂದಳು. ನನಗೆ ಫೋನ್ ಮಾಡಿ ಆ ಸೀರೆಯ ಸೆರಗನ್ನು ಬಣ್ಣಿಸಿದ್ದೇ ಬಣ್ಣಿಸಿದ್ದು.

ಪರೀಕ್ಷೆಯ ದಿನ ಬೆಳಿಗ್ಗೆ ಶಾಲೆ ಗುಡಿಸಿ, ನೀರು ಚಿಮುಕಿಸಿ ಕಾಯುತ್ತಿದ್ದೆವು. ಟ್ರಸ್ಟಿನ ಹುಡುಗಿ ಬಂದು ಕೂತಿದ್ದಳು. ಮಹಾಂತೇಶ್ ಗೇಟಿನ ಬಳಿ ನಿಂತಿದ್ದರು. ಆಗ ಧೂಳೆಬ್ಬಿಸಿಕೊಂಡು ಒಂದು ಲಗೇಜ್ ಆಟೋ ಬಂತು. ಹಿಂದುಗಡೆ ಕುರಿ ತುಂಬುವ ಜಾಗದಲ್ಲಿ ಮಕ್ಕಳು! ರಾಯದುರ್ಗದ ಕಡೆಯವರು, ಕಲ್ಯಾಣದುರ್ಗದ ಕಡೆಯವರು, ಯಾರ್ಯಾರು ಎಲ್ಲೆಲ್ಲಿ ಹೋಗಿದ್ದರೋ ಎಲ್ಲರೂ. ತಲೆಗೆ ಎಣ್ಣೆ ಹಚ್ಚಿ, ಬಿಗಿದು ಬಾಚಿ, ಯೂನಿಫಾರಂ ಹಾಕಿಸಿ ತಂದಿದ್ದರು. ಮುಂದಿನ ಸೀಟಿನಿಂದ ಗಂಗಲಕ್ಷ್ಮಿಯ ಅಪ್ಪ ಮುದ್ದಪ್ಪ ಇಳಿದ. ಯುದ್ಧ ಗೆದ್ದು ಬಂದವನ ಮುಖ.

"ಲೆಕ್ಕಕ್ಕೆ ತಂದೀನಿ ಮೇಷ್ಟ್ರೆ. ಒಬ್ರನ್ನೂ ಬಿಟ್ಟಿಲ್ಲ. ಎಣಿಸ್ಕಳ್ರಿ."

"ಏನ್ ಲೆಕ್ಕನಣ್ಣ?" ಎಂದರು ಮೇಷ್ಟ್ರು.

"ಇವತ್ತು ಸಾಹೇಬ್ರು ಬಂದು ಮಕ್ಳನ್ನ ನೋಡ್ತಾರಂತೆ, ಅದ್ರ ಮೇಲೆ ನಿಮ್ ದುಡ್ಡಂತೆ. ಹುಡುಗ್ರು ಹೇಳಿದ್ವು. ನಮ್ ಮಕ್ಳು ಇಲ್ದೆ ನಿಮ್ ಸಂಬ್ಳ ಮುರ್ಕಂಡ್ರೆ ನಮ್ಗೆ ಸುಮ್ನೆ ಇರಕ್ಕಾಗ್ತದಾ? ಎಲ್ಲಾ ಮಂದೆಗೂ ಫೋನ್ ಮಾಡ್ದೆ. ಒಬ್ಬೊಬ್ಬ್ರು ಒಂದೊಂದ್ ದಿಕ್ಕಿಂದ ಕಳ್ಸವ್ರೆ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಇವರ ಕಸುಬಿನಲ್ಲಿ ಇನ್ನೊಬ್ಬರ ಕುರಿಯನ್ನು ಪಾಲಿಗೆ ಹಿಡಿದು ಮೇಯಿಸುವವನಿಗೆ ಲೆಕ್ಕ ಕೊಡುವ ದಿನ ಎಂದು ಒಂದಿರುತ್ತದೆ. ಕುರಿಯ ಒಡೆಯ ಬಂದು ಮಂದೆ ಎಣಿಸುತ್ತಾನೆ. ಸತ್ತ ಕುರಿಗೆ ಅದರ ಕಿವಿಯನ್ನೋ ಚರ್ಮವನ್ನೋ ತೋರಿಸಬೇಕು. ಏನೂ ತೋರಿಸದೆ ಕುರಿ ತಪ್ಪಿತೆಂದರೆ ಅದನ್ನು ಮೇಯಿಸಿದವನ ಪಾಲಿನಲ್ಲಿ ಮುರಿದುಕೊಳ್ಳುತ್ತಾರೆ. ಹಟ್ಟಿಯವರು ಪ್ರೋತ್ಸಾಹಧನವನ್ನು ಹೀಗೆ ಅರ್ಥ ಮಾಡಿಕೊಂಡಿದ್ದರು: ಮಕ್ಕಳು ಸರ್ಕಾರದವು, ಮೇಯಿಸುವವರು ಮೇಷ್ಟ್ರು, ತಲೆ ತಪ್ಪಿದರೆ ಮೇಷ್ಟ್ರಿಗೆ ಏಟು. ಸರಿಯಾಗಿ ನೋಡಿದರೆ ಟ್ರಸ್ಟಿನವರ ನಿಯಮಕ್ಕಿಂತ ಇದೇ ಮೇಲು. ಅವರ ನಿಯಮದಲ್ಲಿ ಬಡಕಲು ಮರಿಯನ್ನು ದಾರಿಯಲ್ಲೇ ಬಿಟ್ಟು ಬಂದವನಿಗೆ ಬಹುಮಾನ.

ಮಹಾಂತೇಶ್ ಮೇಷ್ಟ್ರನ್ನು ಪಕ್ಕಕ್ಕೆ ಕರೆದರು. ಅವರೇನು ಕೆಟ್ಟವರಲ್ಲ. "ಓಬಳೇಶ್, ತಿಂಗಳುಗಟ್ಲೆ ಪಾಠ ಕೇಳಿಲ್ಲ ಇವ್ರು. ಅಡುಗೆಮನೆ ಹಿಂದ್ಗಡೆ ಕೂರ್ಸಿ, ಬಿಸಿಯೂಟ ಹಾಕ್ಸಿ ಕಳ್ಸಿಬಿಡ್ರಿ. ಮುದ್ದಪ್ಪಂಗೂ ಸಮಾಧಾನ, ನಿಮ್ಗೂ ನಷ್ಟ ಇಲ್ಲ. ಮಗಳ ಮದುವೆ ಇಟ್ಕಂಡೀರಿ."

ಮೇಷ್ಟ್ರು ನನ್ನ ಮುಖ ನೋಡಿದರು. ಕುಂಕುಮದ ಬಣ್ಣದ ಆ ಸೀರೆ ನನ್ನ ಕಣ್ಣಿಗೇ ಕಟ್ಟಿತ್ತು, ಅವರಿಗೆ ಹೇಗಿರಬೇಡ. ಅವರು ನಲ್ಲಿಯ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡರು, ಟವೆಲಿನಿಂದ ಬಹಳ ಹೊತ್ತು ಒರೆಸಿಕೊಂಡರು. ಅಷ್ಟರಲ್ಲಿ ಗಂಗಲಕ್ಷ್ಮಿ ಪುಸ್ತಕದ ಚೀಲ ಎದೆಗೆ ಅವಚಿಕೊಂಡು ಹತ್ತಿರ ಬಂದಳು.

"ನಾನ್ ಎಲ್ಲಿ ಕುಂತ್ಕಳ್ಲಿ ಸಾ?"

"ನಿನ್ ಜಾಗ್ದಾಗೆ ಕುಂತ್ಕ," ಎಂದರು ಮೇಷ್ಟ್ರು. "ಯಾರೂ ತಗಂಡಿಲ್ಲ ಅದ್ನ. ಎಲ್ರೂ ಒಳಗ್ ನಡೀರೋ."

ಮಹಾಂತೇಶ್ ಹಣೆ ಚಚ್ಚಿಕೊಂಡರು. ನನಗೆ ಮೇಷ್ಟ್ರ ಮೇಲೆ ಎಂಥ ಸಿಟ್ಟು ಬಂತೆಂದರೆ, ಅವರ ಕಾಲು ಮುಟ್ಟಿ ನಮಸ್ಕರಿಸೋಣ ಎನ್ನಿಸುವಂಥ ಸಿಟ್ಟು.

ಗಂಗಲಕ್ಷ್ಮಿಯ ಸರದಿ ಬಂದಾಗ ಟ್ರಸ್ಟಿನ ಹುಡುಗಿ ಒಂದು ಪುಟ್ಟ ಕಥೆಯ ಹಾಳೆ ಕೊಟ್ಟಳು. ಗಂಗಲಕ್ಷ್ಮಿ ಅಕ್ಷರಕ್ಕೆ ಅಕ್ಷರ ಕೂಡಿಸಿ, ಒತ್ತಕ್ಷರ ಬಂದಲ್ಲಿ ನಿಂತು, ಉಗುಳು ನುಂಗಿ ಮುಂದೆ ಹೊರಟಳು. ಕೊಟ್ಟ ಸಮಯ ಯಾವಾಗಲೋ ಮುಗಿದಿತ್ತು. "ಸಾಕು ಪುಟ್ಟಾ," ಎಂದಳು ಟ್ರಸ್ಟಿನ ಹುಡುಗಿ. "ಇನ್ನೂ ಐತೆ ಮೇಡಂ," ಎಂದು ಇವಳು ತಲೆ ಎತ್ತದೆ ಓದುತ್ತಲೇ ಇದ್ದಳು. ಕುರಿಮಂದೆಯಲ್ಲಿ ಪುಸ್ತಕ ಬಿಚ್ಚದಿದ್ದರೆ ಇಷ್ಟೂ ಬರುತ್ತಿರಲಿಲ್ಲ. ಕಡೆಯ ಸಾಲಿಗೆ ಬರುವ ಹೊತ್ತಿಗೆ ಕಿಟಕಿಯ ಆಚೆ ನಿಂತಿದ್ದ ಮೇಷ್ಟ್ರ ತುಟಿಗಳೂ ಅವಳ ಜೊತೆ ಅಲ್ಲಾಡುತ್ತಿದ್ದವು. ಅವಳಿಗೆ ಸಿಕ್ಕ ಅಂಕ ಬಹಳ ಕಡಿಮೆ. ಆದರೆ ಅಂಥ ಓದನ್ನು ನಾನು ಈಚೆಗೆ ಕೇಳಿರಲಿಲ್ಲ.

ಫಲಿತಾಂಶ ಬಂದಾಗ ಸರಾಸರಿ ಸ್ವಲ್ಪದರಲ್ಲೇ ತಪ್ಪಿತ್ತು. ಮಹಾಂತೇಶ್ ಫೋನಿನಲ್ಲಿ ತಿಳಿಸಿದರು. ಆ ದಿನ ನಾನು ಗಾಡಿಯಿಂದ ಇಳಿಯುವಾಗ ಮೇಷ್ಟ್ರು ಕೇಳಿದ್ದು ಒಂದೇ ಮಾತು: "ಪಾಲಮ್ಮಂಗೆ ಹೆಂಗ್ ಹೇಳ್ಲಿ ಮೇಡಂ?"

ಹೇಳಿದರಂತೆ. ಪಾಲಮ್ಮ ಕೂಗಾಡಲಿಲ್ಲ, ಅತ್ತೂ ಇಲ್ಲ. ಮೊಳಕಾಲ್ಮುರಿಗೆ ಫೋನ್ ಮಾಡಿ, ಆ ಸೀರೆಯನ್ನು ಬೇರೆ ಯಾರಿಗಾದರೂ ಕೊಟ್ಟುಬಿಡಿ ಎಂದಳು. ಆಮೇಲೆ ಗಂಡನಿಗೆ ಹೊತ್ತು ಹೊತ್ತಿಗೆ ಮುದ್ದೆ ಬಡಿಸಿದಳು, ಮಾತು ಮಾತ್ರ ಬಡಿಸಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ ಎಂದರು ಮೇಷ್ಟ್ರು.

ಭಾನುವಾರ ಮದುವೆಯ ಕೆಲಸಕ್ಕೆ ಕೈ ಜೋಡಿಸೋಣವೆಂದು ನಾನು ಅವರ ಮನೆಗೆ ಹೋದೆ. ನಿಜ ಹೇಳಬೇಕೆಂದರೆ ಗಂಡ ಹೆಂಡತಿ ಮತ್ತೆ ಮಾತಾಡುವಂತೆ ಮಾಡಿ ಬರಲು ಹೋದದ್ದು. ಪಾಲಮ್ಮ ಅಡುಗೆಮನೆಯಲ್ಲಿದ್ದಳು, ಮೇಷ್ಟ್ರು ನಡುಮನೆಯಲ್ಲಿ ಲಗ್ನಪತ್ರಿಕೆಗೆ ಅರಿಶಿನ ಹಚ್ಚುತ್ತಿದ್ದರು. ಒಬ್ಬರ ಕಡೆ ಒಬ್ಬರು ತಿರುಗಿಯೂ ನೋಡುತ್ತಿರಲಿಲ್ಲ. ಆಗಲೇ ಬಾಗಿಲಲ್ಲಿ ಮುದ್ದಪ್ಪ ಬಂದು ನಿಂತ, ಜೊತೆಗೆ ಗಂಗಲಕ್ಷ್ಮಿ. ರೇಷನ್ ಅಕ್ಕಿಗೆಂದು ಊರಿಗೆ ಬಂದಿದ್ದನಂತೆ, ಮತ್ತೆ ಮಂದೆಗೆ ಹೊರಟಿದ್ದ. ಚಾಪೆಯ ಮೇಲೆ ಕೂರಲಿಲ್ಲ, ಹೊಸಿಲ ಬಳಿಯೇ ಬಾಗಿಲಿಗೆ ಒರಗಿ ಕೂತ.

"ಒಂದ್ ಮಾತು ಕೇಳ್ಕಂಡ್ ಹೋಗಾನ ಅಂತ ಬಂದೆ ಮೇಷ್ಟ್ರೆ. ಅವತ್ತಿನ ಲೆಕ್ಕ ಸರಿಯಾಯ್ತಾ? ನಮ್ ಮಕ್ಳಿಂದ ನಿಮ್ಗೇನೂ ಮುರ್ಕಂಡಿಲ್ವಲ್ಲ?"

ಮೇಷ್ಟ್ರು ಬಾಯಿ ತೆರೆದರು. ಆ ಮನುಷ್ಯನಿಗೆ ಸುಳ್ಳು ಹೇಳಲು ಬಾರದು. ನಿಜ ಹೇಳಿದರೆ ಮುದ್ದಪ್ಪನ ಎದೆ ಒಡೆಯುತ್ತದೆ, ಪಕ್ಕದಲ್ಲಿ ನಿಂತ ಹುಡುಗಿ ಇನ್ನೆಂದೂ ಶಾಲೆಯ ಕಡೆ ಬರುವುದಿಲ್ಲ. ನಾನೇ ಏನಾದರೂ ಹೇಳೋಣವೆಂದು ಗಂಟಲು ಸರಿ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಪಾಲಮ್ಮ ಎರಡು ಲೋಟ ಮಜ್ಜಿಗೆ ಹಿಡಿದು ಹೊರಗೆ ಬಂದಳು.

"ಏನೂ ಮುರ್ಕಂಡಿಲ್ಲಣ್ಣ. ಪೂರ್ತಿ ಕೊಟ್ರು," ಎಂದಳು. "ನಂಗೆ ಮೊಳಕಾಲ್ಮುರು ಸೀರೆ ಬಂತು."

"ಎಲ್ಲಿ, ತೋರ್ಸ್ರಿ ಅಮ್ಮಾ," ಎಂದಳು ಗಂಗಲಕ್ಷ್ಮಿ.

"ಕುಚ್ಚು ಕಟ್ಟಕ್ಕೆ ಕೊಟ್ಟೀನಿ ಕಣವ್ವ." ಪಾಲಮ್ಮ ಅವಳ ಕೈಗೆ ಲೋಟ ಕೊಟ್ಟು ತಲೆ ಸವರಿದಳು. "ಕುಂಕುಮದ ಬಣ್ಣ. ಹಸಿರು ಅಂಚು. ಬಲು ಚೆಂದ ಐತೆ."

ಮೇಷ್ಟ್ರ ಕೈಯಲ್ಲಿದ್ದ ಲಗ್ನಪತ್ರಿಕೆ ಹಾಗೇ ನಿಂತಿತು. ನಾನು ಕಣ್ಣು ಒರೆಸಿಕೊಳ್ಳಲು ಧೂಳಿನ ನೆಪ ಹುಡುಕುತ್ತಿದ್ದೆ. ಮುದ್ದಪ್ಪ ಮಾತ್ರ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದು, ಮೀಸೆ ಒರೆಸಿಕೊಂಡು ಎದ್ದ.

"ಹಂಗಾರೆ ಚಿಂತೆ ಬಿಡ್ರಿ ಮೇಷ್ಟ್ರೆ. ಬರೋ ವರ್ಷನೂ ಲೆಕ್ಕದ ದಿನ ಹೇಳ್ರಿ. ಎಲ್ಲೇ ಇರ್ಲಿ, ಎಲ್ರನ್ನೂ ತಂದು ನಿಲ್ಲಿಸ್ತೀನಿ."

ಪಾಲಮ್ಮ ಅಷ್ಟು ದಿನಗಳ ಮೇಲೆ ಗಂಡನ ಮುಖ ನೋಡಿದಳು. ಮೇಷ್ಟ್ರು ತಲೆ ತಗ್ಗಿಸಿದರು.

"ಕರ್ಕಂಬಾರಣ್ಣ," ಎಂದಳು ಆಕೆ. "ಒಬ್ರನ್ನೂ ಬಿಡಬ್ಯಾಡ."