ಅವಳಾಗಿಯೇ ಕೇಳುವವರೆಗೆ

ನನ್ನ ಮಗಳಿಗೆ ಎಂಟು ತುಂಬಿದೆ. ಮಡಿ ಕಟ್ಟಿ ನೀರು ಹಾಯಿಸಲು ಬರುತ್ತದೆ, ಮುರಿದ ಸ್ಟೂಲಿಗೆ ಕಾಲು ಕೂರಿಸಲು ಬರುತ್ತದೆ, ಓದಲು ಮಾತ್ರ ಬರುವುದಿಲ್ಲ. ಹೊಳಲು ಊರಿನಾಚೆಯ ಒಂದು ತೋಟದಲ್ಲಿ ನಡೆಯುವ ಅವಳ ಶಾಲೆಯಲ್ಲಿ ಮಕ್ಕಳು ತಮಗೆ ಬೇಕಾದ್ದನ್ನು ಕೈಯಾರೆ ಮಾಡಿ ಕಲಿಯುತ್ತಾರೆ. ಮಗು ತಾನಾಗಿ ಕೇಳುವವರೆಗೆ ಅಕ್ಷರ ಕಲಿಸುವಂತಿಲ್ಲ, ಮನೆಯಲ್ಲೂ. ಸೇರಿಸುವ ದಿನ ಇದಕ್ಕೆ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ನಾನು. ಈಗ ಅದೇ ತಲೆಗೆ ನಿದ್ದೆ ಹತ್ತುವುದಿಲ್ಲ.

ಕಳೆದ ತಿಂಗಳು ಚಿಕ್ಕರಸಿನಕೆರೆಯ ದೇವಸ್ಥಾನ ಮುಗಿಸಿ ಅವ್ವ, ಮಗಳು, ನಾನು ಬಸ್ಸಿಗೆ ನಿಂತಿದ್ದೆವು. ಒಂದು ಬಸ್ಸು ಬಂತು.

"ಬೋರ್ಡ್ ನೋಡವ್ವ, ಮದ್ದೂರ್ದಾ?" ಎಂದಳು ಅವ್ವ ಮೊಮ್ಮಗಳಿಗೆ.

"ನಂಗೆ ಓದಕ್ಕೆ ಬರಲ್ಲ ಅಜ್ಜಿ. ಕಂಡಕ್ಟರ್ ಕೇಳಣ ಬಾ."

ಇಬ್ಬರೂ ಕೈಹಿಡಿದು ಹೋಗಿ ಕೇಳಿದರು. ಮದ್ದೂರಿನದೇ. ಮಗಳು ಖುಷಿಯಾಗಿ ಕಿಟಕಿ ಪಕ್ಕ ಕೂತಳು. ಅವ್ವ ನನ್ನ ಕಡೆ ತಿರುಗಿದಳು. ಅವಳು ಇವತ್ತಿಗೂ ಪಿಂಚಣಿಗೆ ಹೆಬ್ಬೆಟ್ಟು ಒತ್ತುವವಳು. ಮಸಿಯನ್ನು ಯಾರಿಗೂ ಕಾಣದಂತೆ ಸೆರಗಿನೊಳಗೆ ಒರೆಸಿಕೊಳ್ಳುತ್ತಾಳೆ.

"ನಮ್ಮನೇಲಿ ಎಬ್ಬೆಟ್ಟು ನನ್ಗೇ ಕೊನೆ ಅನ್ಕಂಡಿದ್ದೆ ಕಣ್ಲಾ. ನೀನು ಫೀಸ್ ಕಟ್ಟಿ ಇನ್ನೊಂದ್ ಎಬ್ಬೆಟ್ ಮಾಡುಸ್ತಾ ಇದ್ದೀಯ. ಬುಡುಸ್ಲಾ ಆ ಇಸ್ಕೂಲ!"

ಸೋಮವಾರ ರಜೆ ಹಾಕಿ ಶಾಲೆಗೆ ಹೋದೆ. ದಾರಿಯುದ್ದಕ್ಕೂ ಖಡಕ್ ಮಾತುಗಳನ್ನು ಅಭ್ಯಾಸ ಮಾಡಿಕೊಂಡಿದ್ದೆ. ಟೀಚರನ್ನು ಅಲ್ಲಿ ಮಕ್ಕಳು ಅಕ್ಕ ಎನ್ನುತ್ತಾರೆ. ನನಗಿಂತ ಎಷ್ಟೋ ಚಿಕ್ಕವರು, ಆದರೂ ಹೆದರಿಕೆಗೆ ನಾನೂ ಅಕ್ಕ ಎಂದೇ ಬಿಟ್ಟು, ಮಗಳನ್ನು ಶಾಲೆ ಬಿಡಿಸುವ ಮಾತೆತ್ತಿದೆ.

"ಅವಳನ್ನೇ ಕೇಳಿ ಸಾರ್," ಎಂದರು.

ಮಗಳು ಮೊಣಕೈವರೆಗೂ ಕೆಸರು ಮಾಡಿಕೊಂಡು ಮಣ್ಣಿನ ಒಲೆ ಹಾಕುತ್ತಿದ್ದಳು.

"ಬೇರೆ ಸ್ಕೂಲಿಗೆ ಹೋಗ್ತೀಯಾ ಮಗಾ?"

"ಒಲೆ ಒಣಗ್ಲಿ ಅಪ್ಪ. ಆಮೇಲೆ ಯೋಚ್ನೆ ಮಾಡ್ತೀನಿ."

ಅಭ್ಯಾಸ ಮಾಡಿದ್ದನ್ನೆಲ್ಲ ಹಾಗೇ ಹೊತ್ತುಕೊಂಡು ಮನೆಗೆ ಬಂದೆ.

ಅವ್ವ ಜಗುಲಿಯಲ್ಲೇ ಕಾಯುತ್ತಿದ್ದಳು. "ಏನಂದ್ರ್ಲಾ?"

"ಒಲೆ ಒಣಗ್ಬೇಕಂತೆ ಕಣವ್ವ."

"ಈ ಮನೇಲಿ ಅಪ್ಪ ಯಾರ್ಲಾ? ನೀನಾ, ಅವ್ಳಾ?"

ವಾರದಲ್ಲಿ ಒಲೆ ಒಣಗಿತು. ಅದರ ಮೇಲೆ ತಾನೇ ಮಾಡಿದ ಉಪ್ಪಿಟ್ಟನ್ನು ಮಗಳು ಡಬ್ಬಿಯಲ್ಲಿ ಅಜ್ಜಿಗೆ ತಂದಳು. ಬೇರೆ ಶಾಲೆಯ ಮಾತೆತ್ತಲಿಲ್ಲ. ಎತ್ತುವ ಧೈರ್ಯ ನನಗೂ ಬರಲಿಲ್ಲ. ಅವ್ವ ಒಂದು ಚೂರೂ ಬಿಡದೆ ತಿಂದು, "ಉಪ್ಪು ಸರ್ಯಾಗದೆ ಕಣವ್ವ," ಎಂದು ಅವಳ ತಲೆ ಸವರಿದಳು. ಇನ್ನು ನನ್ನ ಸರದಿ ಎಂದು ಬೈಗುಳಕ್ಕೆ ಕಾದು ಕೂತೆ. ಅವ್ವ ಬೈಯಲಿಲ್ಲ.

"ಇವ್ಳು ಓದೋದ ಕೇಳೋ ಗಂಟ ನಾನಿರ್ತೀನೇನ್ಲಾ?" ಎಂದಳು.

"ಇರ್ತೀಯ ಬುಡವ್ವ," ಎಂದೆ. ಮಗಳ ಕಡೆ ನೋಡಿದೆ. ಅವಳು ಆಗಲೇ ಡಬ್ಬಿ ತೊಳೆಯಲು ಹಿತ್ತಲಿಗೆ ಹೋಗಿದ್ದಳು.